ಮೂರನೆಯ ದಿನದ ಅಂಗೈ

ನಮ್ಮೂರಿನಲ್ಲಿ ಕ್ಯಾಲೆಂಡರನ್ನು ಮನೆಯ ಹೊರಗೆ ತೂಗುಹಾಕುತ್ತಾರೆ. ಹೊಸದಾಗಿ ಬಂದವರು ನಗುತ್ತಾರೆ. ತಿಥಿ ವಾರ ನೋಡಲು ಬೀದಿಗೆ ಬರಬೇಕೇ ಎಂದು ಕೇಳುತ್ತಾರೆ. ನಗಲಿ. ಬಾಗಿಲಿನ ಬಲಗಡೆ, ಎದೆಯೆತ್ತರದಲ್ಲಿ, ಒಂದು ಗೇಣಿನಷ್ಟು ಗೋಡೆಯನ್ನು ಮುಚ್ಚಬೇಕಾದಾಗ ಕ್ಯಾಲೆಂಡರಿಗಿಂತ ಸುಲಭದ ವಸ್ತು ಯಾವುದಿದೆ? ಹೊಸ ವರ್ಷಕ್ಕೆ ಅಂಗಡಿಯವರು ಪುಕ್ಕಟೆ ಕೊಡುತ್ತಾರೆ. ವರ್ಷ ಮುಗಿದ ಮೇಲೆ ತೆಗೆದು ನೋಡಿದರೆ ಹಿಂಬದಿ ಕೆಂಪಾಗಿರುತ್ತದೆ. ಮಡಚಿ ಒಲೆಗೆ ಹಾಕುವುದು, ಹೊಸದನ್ನು ತೂಗುಹಾಕುವುದು. ಇಷ್ಟೇ.

ನಾನು ಕೆಂಚಮ್ಮ. ಊರಿನ ಗೋಡೆಗಳ ಮೇಲೆ ಪದ ಬರೆಯುವವಳು. ನನಗಿಂತ ಮುಂಚೆ ನನ್ನಪ್ಪ ಬರೆಯುತ್ತಿದ್ದ. ಊರಿನ ಯಾವುದೇ ಕುರ್ಚಿಯ ಮೇಲೆ ಕೂರುವವರು, ಅದು ಅಧ್ಯಕ್ಷರದ್ದಿರಲಿ, ತೂಕದ ಕಟ್ಟೆಯದ್ದಿರಲಿ, ಸೇತುವೆಯದ್ದಿರಲಿ, ತಮ್ಮ ಮನೆಯ ಬಾಗಿಲ ಪಕ್ಕ ಒಂದು ಪದ ಬರೆಸಬೇಕು. ಪದಗಳು ಏಳು. ಪ್ರಾಮಾಣಿಕ, ನಿಷ್ಠಾವಂತ, ಶುದ್ಧಹಸ್ತ, ಸತ್ಯವಂತ, ನಿಸ್ಪೃಹ, ನೇರನಡೆ, ನಿಯತ್ತು. ಕೆಮ್ಮಣ್ಣಿಗೆ ಅಗಸೆ ಎಣ್ಣೆ ಕಲಸಿ ಬರೆಯುತ್ತೇವೆ. ಪದಕ್ಕೆ ತಕ್ಕವರ ಗೋಡೆಯಾದರೆ ಒಣಗುತ್ತದೆ. ಅಲ್ಲವಾದರೆ ಒಣಗುವುದಿಲ್ಲ. ಬೇಸಿಗೆಯ ಬಿಸಿಲಿರಲಿ, ಬೆಂಕಿಯನ್ನೇ ಹಿಡಿಯಲಿ, ಒಣಗುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ಊರಿನವರ ಮುಂದೆ ಬರೆದವರೇ ಬಲ ಅಂಗೈಯನ್ನು ಪದದ ಮೇಲೆ ಒತ್ತಿ, ತಿರುಗಿ, ಎಲ್ಲರಿಗೂ ತೋರಿಸಬೇಕು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಪರರ ಪದ ಮುಟ್ಟಿದ ಕೈ ಊಟಕ್ಕೆ ಬಾರದು ಎಂದು ನಮ್ಮಲ್ಲೊಂದು ಮಾತಿದೆ. ಹಾಗಾಗಿ ಇಡೀ ಊರಿನ ಸತ್ಯ ನನ್ನ ಒಂದು ಅಂಗೈಯಲ್ಲಿತ್ತು. ಇಷ್ಟು ದೊಡ್ಡ ವಿಷಯವನ್ನು ಒಂದು ಕೈಗೆ ಒಪ್ಪಿಸಿ ಜನ ಹಾಯಾಗಿ ಮನೆಗೆ ಹೋಗಿ ಮಲಗುತ್ತಾರಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯುವುದು.

ನನ್ನ ಮನೆಯ ಗೋಡೆಯ ಮೇಲೂ ಪದವಿದೆ. ಬರೆಯುವವರಿಗೂ ಪದ ಬೇಕಲ್ಲ. ‘ನಿಯತ್ತು’ ಎಂದು ಅಪ್ಪನೇ ಬರೆದದ್ದು. ನನಗಾಗ ಹತ್ತೊಂಬತ್ತು. ಸಂಜೆಯೊಳಗೆ ಒಣಗಿತ್ತು. ಅಪ್ಪ ಅಂಗೈ ತೋರಿಸುವಾಗ ಅಳುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಅದು ಹಸಿಯಾಯಿತು. ಹೇಗೆ ಎಂದು ಹೇಳುತ್ತೇನೆ. ಹೇಳದೆ ಇಟ್ಟುಕೊಂಡು ಸಾಕಾಗಿದೆ.

ನನ್ನ ಗಂಡ ಸತ್ತದ್ದು ಸಿಡುಬಿನಂಥ ಒಂದು ಕಾಯಿಲೆಯಲ್ಲಿ. ಹೆಣ ಎತ್ತಲು ಬೀದಿಯವರು ಯಾರೂ ಬರಲಿಲ್ಲ. ಬಂದವನು ಒಬ್ಬನೇ, ಮುದ್ದವೀರಪ್ಪ. ತನ್ನ ಆಳುಗಳನ್ನು ಕರೆತಂದು, ತಾನೂ ಹೆಗಲು ಕೊಟ್ಟು, ಮಣ್ಣು ಮಾಡಿ ಬಂದ. ಮರುವರ್ಷ ಅವನು ಅಧ್ಯಕ್ಷನಾದ. ಅವನ ಗೋಡೆಯ ಮೇಲೆ ‘ಶುದ್ಧಹಸ್ತ’ ಎಂದು ಬರೆದೆ. ಮೂರನೆಯ ದಿನ ಹೋಗಿ ನಿಂತಾಗ ದೂರದಿಂದಲೇ ಕಂಡಿತು. ‘ಸ’ಕ್ಕೆ ಕೊಟ್ಟ ಒತ್ತಕ್ಷರದ ಬಾಲದಿಂದ ಬಣ್ಣ ಇಳಿದು ಜಗಲಿಯವರೆಗೆ ಬಂದಿತ್ತು. ನಾನು ಜನಕ್ಕೆ ಬೆನ್ನು ಮಾಡಿ ಕೈ ಎತ್ತಿದೆ. ಹೆಣ ಹೊತ್ತ ಹೆಗಲು ನೆನಪಾಯಿತು. ಪದಕ್ಕೂ ಅಂಗೈಗೂ ಮಧ್ಯೆ ಎರಡು ಅಕ್ಕಿ ಕಾಳಿನಷ್ಟು ಜಾಗ ಬಿಟ್ಟೆ. ತಿರುಗಿ, ಚೊಕ್ಕ ಕೈ ತೋರಿಸಿದೆ. ಜನ ಚಪ್ಪಾಳೆ ಹೊಡೆದರು.

ಯಾರೂ ನನಗೆ ಲಂಚ ಕೊಡಲಿಲ್ಲ. ಕೊಡಲು ಬಂದಿದ್ದರೆ ಪೊರಕೆ ತೆಗೆದುಕೊಂಡು ಓಡಿಸುತ್ತಿದ್ದೆ. ನಾನು ಕೆಟ್ಟದ್ದು ಋಣದಿಂದ. ಒಂದು ಹೆಗಲಿಗೆ ಬದಲಾಗಿ ಊರನ್ನೇ ಕೊಟ್ಟುಬಿಟ್ಟೆ. ಮನೆಗೆ ಬಂದು ಬಾಗಿಲು ತೆಗೆಯುವಾಗ ಸೆರಗಿಗೆ ಕೆಂಪು ಹತ್ತಿತು. ಹತ್ತೊಂಬತ್ತರಲ್ಲಿ ಒಣಗಿದ್ದ ನನ್ನ ಪದ ಜಿನುಗುತ್ತಿತ್ತು. ಅದೇ ದಿನ ಎಣ್ಣೆ ಅಂಗಡಿಯವನ ಕ್ಯಾಲೆಂಡರ್ ತಂದು ಮೇಲೆ ತೂಗುಹಾಕಿದೆ.

ಮುದ್ದವೀರಪ್ಪ ತನ್ನ ಪದಕ್ಕೆ ಗಾಜಿನ ಚೌಕಟ್ಟು ಹಾಕಿಸಿದ. ಅಂಥ ಪದಕ್ಕೆ ಧೂಳು ಹತ್ತಬಾರದಂತೆ. ಆಮೇಲೆ ಊರಿನಲ್ಲಿ ಏನೇನೋ ಆಯಿತು. ತೂಕದ ಕಟ್ಟೆಯವನು ಏಳು ಪದಗಳ ಗೊಡವೆಯೇ ಬೇಡವೆಂದು ‘ಜನಪ್ರಿಯ’ ಎಂದು ಬರೆಸಿದ. ಮಾರುಕಟ್ಟೆಯವನು ‘ಕೊಡುಗೈ ದಾನಿ’ ಎಂದು ಬರೆಸಿದ. ಅವೆಲ್ಲ ಯಾರ ಗೋಡೆಯ ಮೇಲಾದರೂ ಸಂಜೆಯೊಳಗೆ ಒಣಗುವ ಪದಗಳು. ಜನ ಅದಕ್ಕೂ ಹೊಂದಿಕೊಂಡರು. ನಮ್ಮೂರ ಜನಕ್ಕೆ ಹೊಂದಿಕೊಳ್ಳುವುದು ಅಂದರೆ ಉಸಿರಾಡಿದ ಹಾಗೆ. ಕೊನೆಗೆ ಏಳು ಪದಗಳಲ್ಲಿ ಒಂದನ್ನು ಬರೆಸಿಕೊಂಡು ಅದರ ಮೇಲೆ ಏನನ್ನೂ ತೂಗುಹಾಕದೆ ಬದುಕುತ್ತಿದ್ದವಳು ಒಬ್ಬಳೇ ಉಳಿದಳು. ಸೇತುವೆಯ ಪಂಕಜಾಕ್ಷಿ.

ಊರಿನ ಪಕ್ಕದ ಹೊಳೆಗೆ ತೂಗುಸೇತುವೆಯಿದೆ. ಆಚೆ ದಡದ ಹೆಂಗಸರು ಸೊಪ್ಪು, ಹಾಲು, ಹೂವು ಹೊತ್ತು ಅದರ ಮೇಲೆಯೇ ಬರಬೇಕು. ಮಕ್ಕಳು ಅದರ ಮೇಲೆಯೇ ಶಾಲೆಗೆ ಬರಬೇಕು. ಪಂಕಜಾಕ್ಷಿಯ ಕೆಲಸ ಒಂದೇ. ಸುತ್ತಿಗೆ ಹಿಡಿದು ಒಂದೊಂದು ಹಲಗೆಯನ್ನೂ ತಟ್ಟಿ, ಕಿವಿಗೊಟ್ಟು, ‘ಸರಿಯಿದೆ’ ಎಂದು ಚೀಟಿ ಬರೆಯುವುದು. ಈ ವರ್ಷ ಸೇತುವೆಯ ಎರಡೂ ಉಕ್ಕಿನ ಹಗ್ಗ ಬದಲಾಯಿಸುವ ಕೆಲಸವನ್ನು ಅಧ್ಯಕ್ಷನ ಭಾವಮೈದುನ ವಹಿಸಿಕೊಂಡ. ಒಂದು ತಿಂಗಳು ಪರದೆ ಕಟ್ಟಿ, ಏನೋ ಸದ್ದು ಮಾಡಿ, ಮುಗಿಯಿತು ಎಂದ. ಪಂಕಜಾಕ್ಷಿ ಹೋಗಿ ಹಗ್ಗದ ಮೇಲಿನ ಕಪ್ಪು ಗ್ರೀಸನ್ನು ಹರಕು ಬಟ್ಟೆಯಿಂದ ಒರೆಸಿದಳು. ಕೆಳಗೆ ತುಕ್ಕು. ಎಳೆಗಳು ಒಣ ತೆಂಗಿನ ನಾರಿನ ಹಾಗೆ ಎದ್ದು ನಿಂತಿದ್ದವು. ಹಳೆಯ ಹಗ್ಗಕ್ಕೇ ಗ್ರೀಸು ಬಳಿದಿದ್ದರು. ಅವಳು ಚೀಟಿ ಬರೆಯಲಿಲ್ಲ. ಸೇತುವೆಯ ಎರಡೂ ಬಾಯಿಗೆ ಮುಳ್ಳಿನ ಬೇಲಿ ಹಾಕಿಸಿದಳು.

ಈಗ ಊರಿನವರ ಸಿಟ್ಟು ಯಾರ ಮೇಲೆ ತಿರುಗಬೇಕಿತ್ತು? ತಿರುಗಿದ್ದು ಅವಳ ಮೇಲೆ. ಸೇತುವೆಯಿಲ್ಲದೆ ಕೆಳಗಿನ ಕಡವಿನವರೆಗೆ ನಡೆದು, ಸೊಂಟದ ನೀರಿನಲ್ಲಿ ದಾಟಿ ಬರಬೇಕು. ಎರಡು ಗಂಟೆಯ ದಾರಿ. ಚಹಾದಂಗಡಿಯಲ್ಲಿ ಕೂತವರು, ಒಂದು ಚೀಟಿ ಬರೆದುಕೊಟ್ಟಿದ್ರೆ ಅವಳ ಅಪ್ಪನ ಗಂಟೇನು ಹೋಗ್ತಿತ್ತು ಅಂದರು. ತಾನೊಬ್ಬಳೇ ಹರಿಶ್ಚಂದ್ರನ ಮಗಳು ಅಂದರು. ಹೀಗೆ ಅಂದವರ್‍ಯಾರೂ ಹೊಳೆ ದಾಟುವವರಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಮುದ್ದವೀರಪ್ಪ ನನ್ನ ಮನೆಗೆ ಬಂದ. ಜಗಲಿಯ ಮೇಲೆ ಕೂತ. ನೀರು ಕೊಟ್ಟೆ, ಕುಡಿದ.

“ಕೆಂಚಕ್ಕ, ಪಂಕಜಾಕ್ಷಿ ಮೇಲೆ ದೂರು ಬಂದಿದೆ. ಪದ ಮತ್ತೆ ಬರೆಸ್ಬೇಕು. ಹಳೇದಕ್ಕೆ ಸುಣ್ಣ ಬಳಿದು ಮೇಲೆ ಬರಿ.”

“ದೂರು ಕೊಟ್ಟೋರು ಯಾರು?”

“ಊರೋರು.” ಲೋಟ ಕೆಳಗಿಟ್ಟ. “ಮೂರನೇ ದಿನ ನಿನ್ನ ಅಂಗೈ ಕೆಂಪಾಗಿರ್ಬೇಕು.”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಹಸಿಯನ್ನು ಒಣಗಿದೆ ಅಂದವಳು ನಾನು. ಒಣಗಿದ್ದನ್ನು ಹಸಿ ಅನ್ನಲು ಇವನು ಹೇಳುತ್ತಿದ್ದಾನೆ.

“ಆಗಲ್ಲ ವೀರಪ್ಪಣ್ಣ.”

“ಯಾಕಾಗಲ್ಲ? ಒಂಚೂರು ಬಣ್ಣ ವೀಳ್ಯದೆಲೇಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಬಾ. ಬೆನ್ನು ಮಾಡಿ ನಿಂತಾಗ ಹಚ್ಕೊ. ಅವತ್ತು ದೂರ ಹಿಡಿಯೋಕೆ ಬಂತಲ್ಲ, ಇದು ಬರಲ್ವಾ?” ಎದ್ದು ನಿಂತು ನನ್ನ ಕ್ಯಾಲೆಂಡರಿನ ಮೂಲೆಯನ್ನು ಎರಡು ಬೆರಳಿನಿಂದ ಎತ್ತಿ, ಮತ್ತೆ ಬಿಟ್ಟ. “ಇದರ ಹಿಂದೆ ಏನಿದೆ ಅಂತ ನಾನು ಯಾರಿಗೂ ಹೇಳಿಲ್ಲ ನೋಡು. ನಿನ್ನ ಗಂಡನಿಗೆ ಹೆಗಲು ಕೊಟ್ಟೋನು, ನಿನಗೆ ಕೊಡಲ್ವಾ?”

ಹನ್ನೊಂದು ವರ್ಷ ಆ ಹೆಗಲನ್ನು ನಾನು ದೇವರ ಹಾಗೆ ನೆನೆಸಿಕೊಂಡಿದ್ದೆ. ಅವನು ಅದನ್ನು ಲೇವಾದೇವಿಯವನ ಹಾಗೆ ನೆನಪಿಟ್ಟುಕೊಂಡಿದ್ದ.

ಮರುದಿನ ಪಂಕಜಾಕ್ಷಿಯ ಮನೆಗೆ ಹೋದೆ. ಮಜ್ಜಿಗೆ ಕೊಟ್ಟಳು. ಮುಖ ಸೊರಗಿತ್ತು. ಬಾಗಿಲಿಗೆ ಯಾರೋ ಸಗಣಿ ಎರಚಿದ್ದನ್ನು ತೊಳೆದ ಗುರುತಿತ್ತು.

“ಯಾವ ಪದ ಬರೀಲಿ?”

“ಹಳೇದೇ ಬರೀರಿ ಅಕ್ಕ. ಪ್ರಾಮಾಣಿಕ ಅಂತ. ಸುತ್ತ ನಿಮ್ಮ ಬಳ್ಳಿ ಸುರುಳಿ ಎಲ್ಲ ಬೇಡ.” ಖಾಲಿ ಲೋಟ ಎತ್ತಿಕೊಂಡು, “ಅಕ್ಕ, ಕುರ್ಚಿ ಹೋದ್ರೆ ನನಗೆ ಹೊಲಿಗೆ ಬರುತ್ತೆ, ಬದುಕ್ತೀನಿ. ಆದ್ರೆ ಮುಂದೆ ಬರೋನು ಬೇಲಿ ತೆಗೆಸಿಬಿಡ್ತಾನೆ. ಎಡಗಡೆ ಹಗ್ಗ ಮೂವತ್ತು ಜನರ ಭಾರ ತಡೆಯಲ್ಲ. ಶಾಲೆ ಬಿಟ್ಟಾಗ ಐವತ್ತು ಮಕ್ಕಳು ಒಟ್ಟಿಗೇ ಓಡ್ತವೆ,” ಅಂದಳು.

ಸುಣ್ಣ ಆರಿದ ಮೇಲೆ ಬರೆಯಲು ನಿಂತೆ. ಕೊನೆಯ ‘ಕ’ ಬರೆಯುವಾಗ ನನ್ನ ಮುಂಗೈ ಮೊದಲಿನ ‘ಪ್ರಾ’ಕ್ಕೆ ತಗುಲಿತು. ಕೆಂಪು ಹತ್ತಲಿಲ್ಲ. ಬರೆದು ಮುಗಿಸುವ ಮೊದಲೇ ಒಣಗಿತ್ತು! ಮೂವತ್ತು ವರ್ಷದಲ್ಲಿ ಹಾಗೆ ಒಣಗಿದ್ದನ್ನು ನಾನು ನೋಡಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಸಂತೋಷವಾಗಲಿಲ್ಲ. ಅವಳ ಮೇಲೆ ವಿಪರೀತ ಸಿಟ್ಟು ಬಂತು. ಒಂದಿಷ್ಟಾದರೂ ಹಸಿಯಿರಬಾರದಿತ್ತೇ? ಒಂದು ಮೂಲೆಯಲ್ಲಾದರೂ? ಆಗ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು!

ಮೂರನೆಯ ದಿನ ಬೆಳಿಗ್ಗೆ ವೀಳ್ಯದೆಲೆಯಲ್ಲಿ ಬಣ್ಣ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಟೆ. ಮುಚ್ಚಿಡುವುದಿಲ್ಲ. ಹಚ್ಚಿಕೊಳ್ಳುವುದೆಂದೇ ಹೋದೆ.

ಬೀದಿ ತುಂಬ ಜನ. ಕಡವು ದಾಟಿ ಬಂದ ಆಚೆ ದಡದ ಹೆಂಗಸರು ಒದ್ದೆ ಸೀರೆಯಲ್ಲಿ ಒಂದು ಪಕ್ಕ ನಿಂತಿದ್ದರು. ಅಧ್ಯಕ್ಷನ ಭಾವಮೈದುನ ಒಂದು ಬುಟ್ಟಿ ಚೆಂಡುಹೂವಿನ ಹಾರ ತರಿಸಿದ್ದ. ಯಾಕೆ ಎಂದು ಕೇಳಿದೆ. “ಇದು ಮುಗಿದ ತಕ್ಷಣ ಸೇತುವೆ ಪೂಜೆ ಅಲ್ವಾ ಅಕ್ಕ,” ಅಂದ. ಅವನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ನಿಂತಿದ್ದ. ಪಂಕಜಾಕ್ಷಿಯ ಕುರ್ಚಿಗೆ ಬರುವವನು ಅವನೇ. ‘ಕರ್ತವ್ಯದಕ್ಷ’ ಎಂದು ಬರೆಸುತ್ತಾನಂತೆ. ಅವನ ಜೇಬಿನಿಂದ ಚೀಟಿಯ ತುದಿ ಇಣುಕುತ್ತಿತ್ತು. ‘ಸರಿಯಿದೆ’ ಎಂದು ಆಗಲೇ ಬರೆದಾಗಿತ್ತು.

ನನ್ನ ಅಂಗೈ ಕೆಂಪಾಗುವ ಮೊದಲೇ ಹಾರ ಬಂದಿತ್ತು, ಚೀಟಿ ಬಂದಿತ್ತು. ನಾನು ಬರುತ್ತೇನೆ, ಹೇಳಿದ್ದನ್ನು ಮಾಡುತ್ತೇನೆ ಎಂಬುದರಲ್ಲಿ ಅವರಿಗೆ ಒಂದು ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ. ಆ ಚೆಂಡುಹೂವನ್ನು ನೋಡಿ ನನ್ನ ತಲೆಯೊಳಗೆ ಏನೋ ಸಿಡಿಯಿತು.

ಪಂಕಜಾಕ್ಷಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ನಾನು ಜನಕ್ಕೆ ಬೆನ್ನು ಮಾಡಲಿಲ್ಲ. ಪಕ್ಕಕ್ಕೆ ನಿಂತೆ, ಎಲ್ಲರಿಗೂ ಕಾಣುವ ಹಾಗೆ. ಅಂಗೈ ಒತ್ತಿದೆ. ಮೈಯ ಭಾರವನ್ನೆಲ್ಲ ಹಾಕಿ ಒತ್ತಿದೆ. ತೆಗೆದು ಎತ್ತಿ ತೋರಿಸಿದೆ. ಚೊಕ್ಕವಾಗಿತ್ತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುದ್ದವೀರಪ್ಪನ ಮುಖ ಕಪ್ಪಿಟ್ಟಿತು. “ಅವಳು ಮುಟ್ಟಲೇ ಇಲ್ಲ! ದೂರ ಹಿಡಿದ್ಲು! ನಾನು ನೋಡ್ದೆ!” ಎಂದು ಕೂಗಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡ.

“ದೂರ ಹಿಡಿಯೋದು ಅಂತ ಒಂದಿದೆ ಅಂತ ನಿನಗೆ ಹೇಗೋ ಗೊತ್ತು, ವೀರಪ್ಪ?” ನನ್ನ ಧ್ವನಿ ನನಗೇ ಹೊಸದಾಗಿ ಕೇಳಿತು. “ಹೇಳ್ತೀನಿ ಕೇಳ್ರಿ ಎಲ್ಲ! ಹನ್ನೊಂದು ವರ್ಷದ ಹಿಂದೆ ಇವನ ಗೋಡೇಲಿ ನಾನು ಮುಟ್ಟಲಿಲ್ಲ. ಶುದ್ಧಹಸ್ತ ಅನ್ನೋದು ಜಗಲಿಗೆ ಸೋರ್ತಾ ಇತ್ತು. ನಾನು ಸುಳ್ಳು ಕೈ ತೋರಿಸ್ದೆ. ಅದಕ್ಕೇ ಗಾಜು ಹಾಕ್ಕೊಂಡಿದ್ದಾನೆ. ಇವತ್ತು ಇವಳ ಗೋಡೆ ಹಸಿ ಅಂತ ತೋರ್ಸು ಅಂದ. ಬಣ್ಣ ಇಲ್ಲಿದೆ ನೋಡ್ರಿ!” ಸೊಂಟದಿಂದ ವೀಳ್ಯದೆಲೆ ಕಿತ್ತು ಅವನ ಕಾಲ ಬಳಿ ಎಸೆದೆ.

ಭೂಮಿ ಬಾಯಿಬಿಡುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಯಾರೂ ಬೆಚ್ಚಲಿಲ್ಲ. ಚಹಾದಂಗಡಿಯವನು ತಲೆ ಕೆರೆದುಕೊಳ್ಳುತ್ತಾ, “ಅದು ಗೊತ್ತಿದ್ದಿದ್ದೇ ಅಲ್ವಾ ಕೆಂಚಕ್ಕ, ಈಗ ಯಾಕೆ ಅದೆಲ್ಲ?” ಅಂದ.

ಗೊತ್ತಿತ್ತಂತೆ! ಹನ್ನೊಂದು ವರ್ಷ ನಾನೊಬ್ಬಳೇ ಒಳಗೊಳಗೆ ಬೆಂದೆ ಅಂದುಕೊಂಡಿದ್ದೆ. ಅಧ್ಯಕ್ಷನ ಹೆಂಡತಿ ಪ್ರತಿ ಮುಂಜಾನೆ ಗಾಜಿನ ಅಡಿಯಿಂದ ಇಳಿದ ಬಣ್ಣ ಒರೆಸುವುದನ್ನು ಹಾಲಿನವನು ನೋಡಿದ್ದ, ಪೇಪರಿನವನು ನೋಡಿದ್ದ, ಎಲ್ಲರೂ ನೋಡಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಬೇಕಿರಲಿಲ್ಲ. ಇಡೀ ಊರು ಅಂಗೈ ಮಡಚಿಕೊಂಡು ಕೂತಿತ್ತು, ಅಷ್ಟೇ.

ಮುದ್ದವೀರಪ್ಪ ಅಷ್ಟರಲ್ಲಿ ಸುಧಾರಿಸಿಕೊಂಡಿದ್ದ. ಅವನಿಗೆ ತಲೆಯಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಮೆಲ್ಲಗೆ, ಸಮಾಧಾನವಾಗಿ ಮಾತಾಡಿದ. “ನೋಡಿ ಸ್ವಾಮಿ. ಸುಳ್ಳು ಕೈ ತೋರ್ಸಿದ್ದೆ ಅಂತ ಇವಳೇ ಒಪ್ಕೊಂಡ್ಲು. ಸುಳ್ಳುಗಾತಿ ಅಂಗೈ ಸಾಕ್ಷಿ ಆಗುತ್ತಾ? ಆಗಲ್ಲ. ಅಂದ್ಮೇಲೆ ಇವತ್ತು ತೋರ್ಸಿದ್ದೂ ಲೆಕ್ಕಕ್ಕಿಲ್ಲ. ಪಂಕಜಾಕ್ಷಿ ಪದಕ್ಕೆ ಸಾಕ್ಷಿ ಇಲ್ಲ. ಕುರ್ಚಿ ಖಾಲಿ. ನಡೀರಿ, ಸೇತುವೆ ಹತ್ರ ಪೂಜೆ ಮಾಡೋಣ.”

ಜನ ತಲೆಯಾಡಿಸಿದರು. ನ್ಯಾಯವಾದ ಮಾತು ಅಂದರು. ನಾನು ಒತ್ತಬೇಕಾದಲ್ಲಿ ನಿಜವಾಗಿ ಒತ್ತಿ, ನಿಜ ಹೇಳಿ, ಆ ನಿಜದಿಂದಲೇ ಅವಳ ಕುತ್ತಿಗೆ ಕೊಯ್ದಿದ್ದೆ. ಹಾರದ ಬುಟ್ಟಿ ಎತ್ತಿದರು.

ಆಗ ಒದ್ದೆ ಸೀರೆಯ ಹೆಂಗಸರ ಗುಂಪಿನಿಂದ ಬೈರಕ್ಕ ಮುಂದೆ ಬಂದಳು. ಆಚೆ ದಡದಿಂದ ಸೊಪ್ಪು ತಂದು ಮಾರುವವಳು. ಅರವತ್ತು ದಾಟಿದವಳು. ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ, ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಪಂಕಜಾಕ್ಷಿಯ ಗೋಡೆಯ ಕಡೆ ನಡೆದಳು.

“ಏಯ್ ಅಜ್ಜಿ, ಪರರ ಪದ ಮುಟ್ತೀಯಾ? ಆ ಕೈ ಊಟಕ್ಕೆ ಬರಲ್ಲ!” ಎಂದು ಯಾರೋ ಕೂಗಿದರು.

“ಬರ್ದಿದ್ರೆ ದನದ ಹಂಗೆ ಬಾಯಿ ಹಾಕಿ ತಿಂತೀನಿ ಬಿಡ್ಲಾ,” ಅಂದಳು ಬೈರಕ್ಕ. “ಹಗ್ಗ ಕಿತ್ರೆ ಹೊಳೇಲಿ ತೇಲೋದು ನಾನು, ನನ್ನ ಮೊಮ್ಮಕ್ಕಳು. ನಿನ್ನ ಕೈ ಅಲ್ಲ.”

ಅಂಗೈ ಒತ್ತಿದಳು. ತೆಗೆದು ನೋಡಿದಳು. ಆಮೇಲೆ ಕೈಯನ್ನು ಅಧ್ಯಕ್ಷನ ಮೂಗಿನ ಮುಂದೆ ಹಿಡಿದಳು. ಸೊಪ್ಪಿನ ಹಸಿರು ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ.

“ಇದೂ ಸುಳ್ಳುಗಾತಿ ಕೈಯಾ ಸ್ವಾಮಿ?”

ಅವಳ ಹಿಂದೆ ಹೂವಿನವಳು ಬಂದಳು. ಹಾಲಿನವಳು ಬಂದಳು. ಆಚೆ ದಡದ ಹೆಂಗಸರೆಲ್ಲ ಸಾಲಾಗಿ ಬಂದು ಒತ್ತಿದರು. ಈಚೆ ದಡದಿಂದ ಬಂದವರು ನಾಲ್ಕೇ ಮಂದಿ. ಮಿಕ್ಕವರು ಕೆಲಸವಿದೆ ಎಂದು ಜಾರಿಕೊಂಡರು. ಅವರ ಹೆಸರುಗಳೆಲ್ಲ ನನಗೆ ಗೊತ್ತು, ಸಾಯುವವರೆಗೆ ಮರೆಯುವುದಿಲ್ಲ. ಇಸ್ತ್ರಿ ಅಂಗಿಯವನು ಚೀಟಿಯನ್ನು ಜೇಬಿನೊಳಗೆ ತಳ್ಳಿಕೊಂಡು ಯಾವ ಮಾಯದಲ್ಲೋ ಹೊರಟುಹೋಗಿದ್ದ.

ಅದೇ ಹೆಂಗಸರು ಅಲ್ಲಿಂದ ನೇರ ಮುದ್ದವೀರಪ್ಪನ ಮನೆಗೆ ಹೋದರು. ಗಾಜು ಒಡೆಯಲಿಲ್ಲ, ಬೈಯಲಿಲ್ಲ. ಬೈರಕ್ಕ ಬಾಗಿಲು ತಟ್ಟಿ, “ಗಾಜು ಒಂಚೂರು ತೆಗೀರಿ ಸ್ವಾಮಿ, ಮುಟ್ಟಿ ನೋಡ್ಕೊಂಡು ಹೋಗ್ತೀವಿ,” ಎಂದಳಂತೆ. ಬಾಗಿಲು ತೆರೆಯಲಿಲ್ಲ. ಈಗಲೂ ವಾರಕ್ಕೊಮ್ಮೆ ಹೋಗಿ ಅಷ್ಟನ್ನೇ ಕೇಳಿ ಬರುತ್ತಾಳೆ. ಅವನಿನ್ನೂ ಅಧ್ಯಕ್ಷನೇ. ಊರು ಅಷ್ಟು ಬೇಗ ಬದಲಾಗುವುದಿಲ್ಲ, ಬದಲಾಯಿತೆಂದು ಹೇಳಿ ಯಾರಿಗೂ ಮೋಸ ಮಾಡಲಾರೆ. ಆದರೆ ಪಂಕಜಾಕ್ಷಿಯ ಕುರ್ಚಿ ಉಳಿಯಿತು. ಬೇಲಿ ನಾಲ್ಕು ತಿಂಗಳು ಹಾಗೇ ಇತ್ತು. ಕೊನೆಗೆ ಹೊಸ ಹಗ್ಗ ಬಂತು. ಅವಳು ಅದನ್ನು ಮೊಳ ಮೊಳವಾಗಿ ಒರೆಸಿ ನೋಡಿ ಚೀಟಿ ಬರೆದಳು.

ಇನ್ನು ನನ್ನ ಗೋಡೆ. ಅವತ್ತು ಮನೆಗೆ ಬಂದವಳೇ ಕ್ಯಾಲೆಂಡರ್ ಕಿತ್ತು ಬಿಸಾಡಿದೆ. ಇಷ್ಟು ಹೇಳಿದ ಮೇಲೆ ಒಣಗಿರುತ್ತದೆ ಎಂದು ಒಂದು ಆಸೆ. ಮುಟ್ಟಿದೆ. ಅಂಗೈ ತುಂಬ ಕೆಂಪು. ಜಗಲಿಯ ಮೇಲೆ ಕೂತು ಅತ್ತೆ, ಗೋಡೆಗೂ ಬೈದೆ. ಒಂದು ದಿನದ ನಿಜಕ್ಕೆ ಹನ್ನೊಂದು ವರ್ಷದ ಹಸಿ ಆರುತ್ತದೆಯೇ? ಸೀಮೆಎಣ್ಣೆ ಬಟ್ಟೆ ತಂದು ಪದವನ್ನೇ ಒರೆಸಿಬಿಡಬಹುದಿತ್ತು. ಒರೆಸಲಿಲ್ಲ. ಬೀದಿಗೆ ಕಾಣುವಂತೆ ಬಿಟ್ಟೆ. ಈಗ ಊರಿನಲ್ಲಿ ಮೂರನೆಯ ದಿನ ಬೇಕಾದವರು ಬಂದು ಮುಟ್ಟುತ್ತಾರೆ, ನನ್ನ ಕೈ ಯಾರಿಗೂ ಬೇಕಿಲ್ಲ. ನಾನು ಬರೆಯುತ್ತೇನೆ, ಅಷ್ಟೇ. ಬರೆಸುವವರೂ ಕಡಿಮೆ.

ಪಂಕಜಾಕ್ಷಿ ದಿನವೂ ಬೆಳಿಗ್ಗೆ ಸುತ್ತಿಗೆ ಹಿಡಿದು ಸೇತುವೆಗೆ ಹೋಗುವಾಗ ನನ್ನ ಮನೆ ಮುಂದೆ ನಿಲ್ಲುತ್ತಾಳೆ. ನನ್ನ ಪದಕ್ಕೆ ಒಂದು ಬೆರಳಿಟ್ಟು ನೋಡುತ್ತಾಳೆ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಏನೂ ಹೇಳದೆ ಹೋಗುತ್ತಾಳೆ. ಅವಳ ಸೆರಗುಗಳಿಗೆಲ್ಲ ಒಂದೇ ಜಾಗದಲ್ಲಿ ಕೆಂಪು ಕಲೆಯಿದೆ.

ನಿನ್ನೆ ನನಗೆ ಜ್ವರ. ಜಗಲಿಯ ಮೇಲೆ ಹೊದ್ದು ಕೂತಿದ್ದೆ. ಅವಳು ಬಂದು ಬೆರಳಿಟ್ಟಳು. ನನ್ನ ಮುಖ ನೋಡಿದಳು.

“ಅಂಚಲ್ಲಿ ಸ್ವಲ್ಪ ಗಟ್ಟಿಯಾದ ಹಾಗಿದೆ ಅಕ್ಕ,” ಅಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊದಿಕೆ ಕಿತ್ತೆಸೆದು ಎದ್ದು ನಿಂತೆ. “ಸುಳ್ಳು ಹೇಳ್ಬೇಡ ಕಣೇ! ನಿನ್ನ ಗೋಡೆ ಹಸಿಯಾದೀತು!”

ಅವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು. ಮತ್ತೆ ಬೆರಳಿಟ್ಟು, ಈ ಸಲ ಬೆರಳನ್ನು ನನಗೆ ಕಾಣುವ ಹಾಗೆ ಎತ್ತಿ ಹಿಡಿದಳು.

“ಹಸಿನೇ ಇದೆ ಅಕ್ಕ,” ಅಂದಳು. “ನಾಳೆ ಬಂದು ಮತ್ತೆ ನೋಡ್ತೀನಿ.”